ಹಳೆಯ ಜೀಪಿಗೆ ಹಿಂಬದಿ ಆಕ್ಸಲ್: ಆಯ್ಕೆ ಹೇಗೆ, ಜೋಡಣೆ ಹೇಗೆ?

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಭಾಗದಲ್ಲಿ ಹಳೆಯ ಜೀಪು ಪ್ರದರ್ಶನದ ವಸ್ತುವಲ್ಲ. ಕಾಗದ ಕಾರ್ಖಾನೆ, ಸೂಪಾ ಅಣೆಕಟ್ಟೆಯ ಕಾಮಗಾರಿ, ಅರಣ್ಯ ಇಲಾಖೆಯ ಕಾವಲು, ಅಡಿಕೆ ತೋಟಗಳ ದೈನಂದಿನ ಕೆಲಸ ಇವೆಲ್ಲಕ್ಕೂ ಒಂದು ಕಾಲದಲ್ಲಿ ಜೀಪೇ ಆಧಾರವಾಗಿತ್ತು. ಆ ಕಾಲದ ವಾಹನಗಳಲ್ಲಿ ಅನೇಕವು ಕೈಯಿಂದ ಕೈಗೆ ದಾಟಿ, ಎಂಜಿನ್ ಬದಲಿಸಿಕೊಂಡು, ಮೈಬಣ್ಣ ಕಳೆದುಕೊಂಡು ಇಂದಿಗೂ ಉಳಿದುಕೊಂಡಿವೆ. ಈಚಿನ ವರ್ಷಗಳಲ್ಲಿ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಹವ್ಯಾಸಿಗಳು ಇಂಥ ಜೀಪುಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಕೊಂಡ ಕೆಲವೇ ದಿನಗಳಲ್ಲಿ ಅವರೆದುರು ನಿಲ್ಲುವ ಪ್ರಶ್ನೆ ಒಂದೇ: ಹಿಂಬದಿಯ ಆಕ್ಸಲ್ ಅನ್ನು ಇದ್ದಂತೆಯೇ ದುರಸ್ತಿ ಮಾಡಿಸಬೇಕೆ ಅಥವಾ ಬೇರೆಯದನ್ನು ತಂದು ಕೂರಿಸಬೇಕೆ?

ಪ್ರಶ್ನೆ ಮೇಲ್ನೋಟಕ್ಕೆ ಗ್ಯಾರೇಜಿಗೆ ಸಂಬಂಧಿಸಿದ್ದು. ಆದರೆ ಅಣಶಿ ಘಟ್ಟದಿಂದ ಕದ್ರಾದತ್ತ ಇಳಿಯುವ ರಸ್ತೆಯಲ್ಲಿ ಜೀಪು ತನ್ನ ವೇಗವನ್ನು ಎಂಜಿನ್ ಬಲದಿಂದ ಹಿಡಿದಿಟ್ಟುಕೊಳ್ಳುತ್ತದೆಯೇ, ಹ್ಯಾಂಡ್ ಬ್ರೇಕ್ ಎಳೆದಾಗ ನಿಲ್ಲುತ್ತದೆಯೇ, ಹಿಂದಿನ ಚಕ್ರ ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆಯೇ ಎಂಬುದೆಲ್ಲ ನಿರ್ಧಾರವಾಗುವುದು ಇದೇ ಭಾಗದಲ್ಲಿ. ತಪ್ಪು ಆಯ್ಕೆಗೆ ತೆರಬೇಕಾದ ಬೆಲೆ ಹಣವೊಂದೇ ಅಲ್ಲ.

ಪ್ರತಿವರ್ಷ ಭಾರತ ಹುಣ್ಣಿಮೆಯ ವೇಳೆಗೆ ಜೋಯಿಡಾ ತಾಲ್ಲೂಕಿನ ಉಳವಿಯ ಚೆನ್ನಬಸವೇಶ್ವರ ಜಾತ್ರೆಗೆ ಬಯಲುಸೀಮೆಯಿಂದ ಚಕ್ಕಡಿಗಳು ಬರುತ್ತವೆ. ಹೊರಡುವ ಮುನ್ನ ರೈತರು ಮೊದಲು ನೋಡುವುದು ಅಚ್ಚು ಮತ್ತು ಕಡೆಗೀಲನ್ನು. ಎತ್ತಿನ ಬಂಡಿಯ ಅಚ್ಚು ಭಾರ ಹೊರುತ್ತದೆ, ಅಷ್ಟೆ. ಜೀಪಿನ ಹಿಂಬದಿ ಆಕ್ಸಲ್ ಭಾರ ಹೊರುವುದರ ಜೊತೆಗೆ ಎಂಜಿನ್ನಿನ ತಿರುಗುಬಲವನ್ನು ಲಂಬಕೋನದಲ್ಲಿ ತಿರುಗಿಸಿ, ಹಲವು ಪಟ್ಟು ಹೆಚ್ಚಿಸಿ, ಎರಡೂ ಚಕ್ರಗಳಿಗೆ ಹಂಚುತ್ತದೆ. ಬ್ರೇಕ್ ಹಾಕಿದಾಗಿನ ಸೆಳೆತವನ್ನೂ ಅದೇ ತಡೆದುಕೊಳ್ಳಬೇಕು.

ಯಾವ ಜೀಪಿನಲ್ಲಿ ಯಾವ ಆಕ್ಸಲ್?

1941ರಿಂದ ತಯಾರಾದ ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಸ್ಪೈಸರ್ 23-2 ಎಂಬ ಹಿಂಬದಿ ಆಕ್ಸಲ್ ಇತ್ತು. ಅದರ ಪಿನಿಯನ್‌ಗೆ 8 ಹಲ್ಲು, ಕ್ರೌನ್ ವೀಲ್‌ಗೆ 39 ಹಲ್ಲು, ಅನುಪಾತ 4.88. ಯುದ್ಧ ಮುಗಿದ ಬಳಿಕ ನಾಗರಿಕರಿಗಾಗಿ ಬಂದ ಸಿಜೆ ಸರಣಿಯಲ್ಲಿ ಅನುಪಾತ 5.38ಕ್ಕೆ ಏರಿತು. ಅಂದರೆ 8 ಹಲ್ಲಿನ ಪಿನಿಯನ್‌ಗೆ 43 ಹಲ್ಲಿನ ಕ್ರೌನ್ ವೀಲ್. ಹೊಲ ಉಳುವ, ಗಾಡಿ ಎಳೆಯುವ ಕೆಲಸಕ್ಕೂ ಜೀಪನ್ನು ಮಾರಬೇಕೆಂಬ ಉದ್ದೇಶ ಈ ಬದಲಾವಣೆಯ ಹಿಂದಿತ್ತು. ಆಕ್ಸಲ್ಲಿನ ಮಾದರಿಯೂ ಮೊದಲು ಸ್ಪೈಸರ್ 41ಕ್ಕೆ, ಅನಂತರ ಹೆಚ್ಚು ದೃಢವಾದ ಸ್ಪೈಸರ್ 44ಕ್ಕೆ ಬದಲಾಯಿತು.

1945ರಲ್ಲಿ ಆರಂಭವಾದ ಮಹೀಂದ್ರಾ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪನ್ನು ಭಾರತದ ರಸ್ತೆಗಳಿಗೆ ತಂದಿತು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ದಶಕಗಳ ಕಾಲ ಇಲ್ಲಿ ತಯಾರಾಯಿತು. 2199 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಮೂರು ಗೇರು, 5.38 ಅನುಪಾತ ಇದರ ಲಕ್ಷಣ. ಡೀಸೆಲ್ ಯುಗದಲ್ಲಿ ಟ್ರ್ಯಾಕ್ಟರ್ ಮೂಲದ ಇಂಟರ್‌ನ್ಯಾಷನಲ್ ಎಂಜಿನ್ ಬಂತು. ಬಳಿಕ ಫ್ರಾನ್ಸಿನ ಪೆಜೋ ಮೂಲದ 2112 ಸಿಸಿಯ ಡೀಸೆಲ್ ಎಂಜಿನ್ನಿನೊಂದಿಗೆ 1985ರಲ್ಲಿ ಎಂಎಂ 540 ಮಾರುಕಟ್ಟೆಗಿಳಿಯಿತು. ಕಾಲಕಾಲಕ್ಕೆ ಎಂಜಿನ್, ಗೇರ್‌ಬಾಕ್ಸ್ ಬದಲಾದಂತೆ ಆಕ್ಸಲ್ ಅನುಪಾತಗಳೂ ಬದಲಾದವು. ಆದುದರಿಂದ ಗುಜರಿಯಲ್ಲಿ ‘ಮಹೀಂದ್ರಾ ಹೌಸಿಂಗ್’ ಎಂಬ ಒಂದೇ ಹೆಸರಿನಲ್ಲಿ ಮಾರಾಟಕ್ಕಿರುವ ನಾಲ್ಕು ಆಕ್ಸಲ್‌ಗಳು ನಾಲ್ಕು ಬಗೆಯವಾಗಿರುವುದು ಅಪರೂಪವಲ್ಲ. ಹೆಸರಿಗಿಂತ ಹಲ್ಲಿನ ಲೆಕ್ಕವೇ ನಂಬಿಕೆಗೆ ಅರ್ಹ.

ಹಲ್ಲಿನ ಲೆಕ್ಕ ತೆಗೆಯಲು ಆಕ್ಸಲ್ ಬಿಚ್ಚಲೇಬೇಕೆಂದಿಲ್ಲ. ಮೂರು ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಟ್ಟು, ಹಿಂಬದಿಯ ಒಂದು ಚಕ್ರವನ್ನು ಮಾತ್ರ ಜ್ಯಾಕಿನಿಂದ ಎತ್ತಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ; ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಸುಣ್ಣದ ಗುರುತಿನ ನೆರವಿನಿಂದ ಎಣಿಸಬೇಕು. ಐದೂವರೆಗೆ ತುಸು ಕಡಿಮೆ ಬಂದರೆ 5.38, ಐದಕ್ಕೆ ಕೊಂಚ ಕಡಿಮೆ ಬಂದರೆ 4.88, ನಾಲ್ಕೂಕಾಲು ಬಂದರೆ 4.27, ಮೂರೂಮುಕ್ಕಾಲಿನ ಸನಿಹ ಬಂದರೆ 3.73. ಒಂದು ಚಕ್ರ ನೆಲದ ಮೇಲಿರುವಾಗ ಡಿಫರೆನ್ಶಿಯಲ್ ಇನ್ನೊಂದರ ಅರ್ಧದಷ್ಟು ಮಾತ್ರ ತಿರುಗುವುದರಿಂದಲೇ ಎರಡು ಸುತ್ತಿನ ಲೆಕ್ಕ. ಗುಜರಿಯಲ್ಲಿ ಬಿದ್ದಿರುವ ಆಕ್ಸಲ್ ಆದರೆ ಹಿಂಭಾಗದ ಮುಚ್ಚಳ ತೆಗೆಸಿ ಹಲ್ಲುಗಳನ್ನೇ ಎಣಿಸುವುದು ಲೇಸು. ಹೇಗೂ ಒಳಗಿನ ಸ್ಥಿತಿಯನ್ನು ನೋಡದೆ ಕೊಳ್ಳಬಾರದು.

ಅನುಪಾತದ ಆಯ್ಕೆ

ಹೆಚ್ಚಿನವರು ಆಕ್ಸಲ್ ಬದಲಿಸಲು ಹೊರಡುವುದು ವೇಗಕ್ಕಾಗಿ. 6.00-16 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 2.25 ಮೀಟರ್ ಸಾಗುತ್ತದೆ ಎಂದಿಟ್ಟುಕೊಳ್ಳೋಣ. ಟಾಪ್ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ವೇಗಕ್ಕೆ 5.38 ಅನುಪಾತದ ಜೀಪಿನ ಎಂಜಿನ್ ನಿಮಿಷಕ್ಕೆ ಸುಮಾರು 2,390 ಸುತ್ತು ತಿರುಗಬೇಕಾಗುತ್ತದೆ. 4.88 ಆದರೆ 2,170; 4.27 ಆದರೆ 1,900, 3.73 ಆದರೆ 1,660. ವೇಗ 80ಕ್ಕೆ ಏರಿದಾಗ 5.38ರ ಎಂಜಿನ್ 3,190 ಸುತ್ತು ತಲುಪಿ ಕಿರುಚಾಡುತ್ತದೆ, 3.73ರದು 2,210ರಲ್ಲಿ ನಿರಾಳವಾಗಿರುತ್ತದೆ. ಹಳಿಯಾಳದಿಂದ ಧಾರವಾಡಕ್ಕೆ, ಮುಂಡಗೋಡದಿಂದ ಹುಬ್ಬಳ್ಳಿಗೆ ದಿನವೂ ಓಡಾಡುವವರಿಗೆ ಈ ವ್ಯತ್ಯಾಸ ಕಿವಿಗೂ ಕಿಸೆಗೂ ತಿಳಿಯುತ್ತದೆ.

ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಸಿಜೆ-3ಬಿ ಜೀಪಿನ ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲನೆಯ ಗೇರಿನ ಅನುಪಾತ 2.798, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ 2.46. ಇವೆರಡನ್ನೂ 5.38ರಿಂದ ಗುಣಿಸಿದರೆ ಒಟ್ಟು 37 ಪಟ್ಟು ಬರುತ್ತದೆ. 4.88 ಹಾಕಿದರೆ ಅದು 33.6ಕ್ಕೆ, 4.27 ಹಾಕಿದರೆ 29.4ಕ್ಕೆ, 3.73 ಹಾಕಿದರೆ 25.7ಕ್ಕೆ ಇಳಿಯುತ್ತದೆ. ಈ ಸಂಖ್ಯೆ ಏರು ಹತ್ತಲು ಬೇಕಾದ ಬಲದ ಅಳತೆ ಮಾತ್ರವಲ್ಲ, ಇಳಿಜಾರಿನಲ್ಲಿ ಎಂಜಿನ್ ಜೀಪನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯ ಅಳತೆಯೂ ಹೌದು. 3.73 ಹಾಕಿದ ಜೀಪು ಘಟ್ಟ ಇಳಿಯುವಾಗ ಕಾಲುಬ್ರೇಕನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ. ಹಳೆಯ ಜೀಪಿನ ಡ್ರಮ್ ಬ್ರೇಕುಗಳು ಸತತವಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ನೀರು ಕುಡಿದ ಡ್ರಮ್ಮುಗಳ ಮಾತಂತೂ ಬೇರೆಯೇ.

ಹೀಗಾಗಿ ಜೋಯಿಡಾ ತಾಲ್ಲೂಕಿನ ಒಳದಾರಿಗಳಲ್ಲಿ, ಕಲ್ಲು ಕೊರಕಲುಗಳಲ್ಲಿ ದುಡಿಯುವ ಜೀಪಿಗೆ 5.38 ಅಥವಾ 4.88 ಅನುಪಾತವೇ ಯೋಗ್ಯ. ದಾಂಡೇಲಿಯಲ್ಲಿದ್ದು ಗಣೇಶಗುಡಿಯವರೆಗೂ ಧಾರವಾಡದವರೆಗೂ ಹೋಗಿಬರುವ ಡೀಸೆಲ್ ಜೀಪಿಗೆ 4.88 ಅಥವಾ 4.27 ಹೊಂದುತ್ತದೆ. ಹಳಿಯಾಳ, ಮುಂಡಗೋಡದ ಬಯಲಿನಲ್ಲಿ 4.27 ಸಾಕಷ್ಟು ಸುಖಕರ. ಮೂಲ ಪೆಟ್ರೋಲ್ ಎಂಜಿನ್ ಮತ್ತು ಮೂರೇ ಗೇರುಗಳಿರುವ ಸಿಜೆ-3ಬಿಗೆ 3.73 ಹಾಕುವುದು ಯಾವ ಊರಿನಲ್ಲಿಯೂ ಜಾಣತನವಲ್ಲ. ಎರಡನೆಯ ಗೇರಿನಿಂದ ಮೂರಕ್ಕೆ ಹೋದೊಡನೆ ಎಂಜಿನ್ ಉಸಿರುಗಟ್ಟುತ್ತದೆ. ಐದು ಗೇರಿನ ಪೆಟ್ಟಿಗೆ ಹಾಗೂ ಬಲವಾದ ಡೀಸೆಲ್ ಇದ್ದರೆ ಮಾತ್ರ ಅದರ ವಿಚಾರ ಮಾಡಬಹುದು. ಐದನೆಯ ಗೇರು ಓವರ್‌ಡ್ರೈವ್ ಆಗಿದ್ದರಂತೂ ಆಕ್ಸಲ್ಲನ್ನು ಮುಟ್ಟುವ ಅಗತ್ಯವೇ ಬೀಳದಿರಬಹುದು.

ಟೈರಿನ ಪಾಲನ್ನೂ ಮರೆಯುವಂತಿಲ್ಲ. 6.00-16ರ ಬದಲು 7.00-16 ಟೈರು ಹಾಕಿದರೆ ವ್ಯಾಸ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. 5.38ರ ಆಕ್ಸಲ್ ಆಗ 5.0ರ ಆಕ್ಸಲ್ಲಿನಂತೆ ವರ್ತಿಸುತ್ತದೆ. ಅನೇಕರಿಗೆ ಬೇಕಾದ ಬದಲಾವಣೆ ಇಷ್ಟೇ ಆಗಿರುತ್ತದೆ.

ಮುಂದಿನದನ್ನು ಮರೆತರೆ

ನಾಲ್ಕೂ ಚಕ್ರಗಳ ಚಾಲನೆಯುಳ್ಳ ಜೀಪಿನಲ್ಲಿ ಹಿಂದಿನ ಅನುಪಾತವನ್ನು ಮಾತ್ರ ಬದಲಿಸುವಂತಿಲ್ಲ. ಈ ಜೀಪುಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಶಿಯಲ್ ಇರುವುದಿಲ್ಲ. ಫೋರ್ ವೀಲ್ ಹಾಕಿದೊಡನೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ 5.38, ಹಿಂದೆ 4.88 ಇದ್ದರೆ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಸುಮಾರು ಶೇ. 10ರಷ್ಟು ನಿಧಾನವಾಗಿ ತಿರುಗಲು ಯತ್ನಿಸುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ತೀರಿಹೋಗಬಹುದು. ಗಟ್ಟಿ ನೆಲದಲ್ಲಿ ಅದಕ್ಕೆ ಅವಕಾಶವಿಲ್ಲದೆ ಸೆಳೆತವೆಲ್ಲ ಗೇರು, ಶಾಫ್ಟು, ಕ್ರಾಸುಗಳ ಮೇಲೆ ಬೀಳುತ್ತದೆ. ಲಿವರ್ ಬಿಗಿದುಕೊಂಡು ಹೊರಬರುವುದಿಲ್ಲ. ಒಂದಲ್ಲ ಒಂದು ಭಾಗ ಮುರಿಯುತ್ತದೆ. ಕಾಡಿನ ನಡುವೆ ಫೋರ್ ವೀಲ್ ಬೇಕಾಗುವ ಕ್ಷಣದಲ್ಲಿಯೇ ಇದು ಸಂಭವಿಸುವುದು ಸಹಜವೂ ಹೌದು.

ಜೀಪು ಕೊಳ್ಳುವವರು ಈ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು: ಮುಂದಿನ ಆಕ್ಸಲ್ಲಿನ ಅನುಪಾತವನ್ನೂ ಮೇಲೆ ಹೇಳಿದ ಕ್ರಮದಲ್ಲಿಯೇ ಎಣಿಸಿ ಹೊಂದಿಸಿ ನೋಡುವುದು. ಹಿಂದಿನ ಮಾಲೀಕರಲ್ಲೊಬ್ಬರು ಅಗ್ಗಕ್ಕೆ ಸಿಕ್ಕಿತೆಂದು ಹಿಂದಿನದನ್ನು ಬದಲಿಸಿ, ಫೋರ್ ವೀಲ್ ಲಿವರನ್ನು ಮುಟ್ಟದೆ ವರ್ಷಗಟ್ಟಲೆ ಓಡಿಸಿರಬಹುದು. ಎರಡೇ ಚಕ್ರಗಳ ಚಾಲನೆಯ ಜೀಪುಗಳಿಗೆ, ಊರೂರಿನ ನಡುವೆ ಪ್ರಯಾಣಿಕರನ್ನು ಹೊತ್ತ ಉದ್ದನೆಯ ಮಾದರಿಗಳಲ್ಲಿ ಹೆಚ್ಚಿನವು ಇಂಥವೇ, ಈ ತೊಡಕಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಂಥ ಹಿಂಬದಿ ಚಾಲನೆಯ ಹಳೆಯ ಕಾರುಗಳಿಗೂ ಇಲ್ಲ.

ಆಕ್ಸಲ್ಲೇ ಬದಲಾಗಬೇಕೆ?

ಗೊಂಯ್ ಎಂಬ ಸದ್ದು ಕೇಳಿದ ಮಾತ್ರಕ್ಕೆ ಆಕ್ಸಲ್ ಹೋಯಿತೆಂದು ತೀರ್ಮಾನಿಸುವುದು ಅವಸರ. ವೇಗ ಹೆಚ್ಚಿಸುವಾಗ ಒಂದು ಬಗೆಯ, ಆಕ್ಸಿಲರೇಟರ್ ಬಿಟ್ಟಾಗ ಇನ್ನೊಂದು ಬಗೆಯ ಊಳು ಕೇಳಿದರೆ ಕ್ರೌನ್-ಪಿನಿಯನ್ ಸವೆದಿರುವ ಸಂಭವ ಹೆಚ್ಚು. ತಿರುವಿನಲ್ಲಿ ಮಾತ್ರ ಸದ್ದು ಬಂದರೆ ಡಿಫರೆನ್ಶಿಯಲ್ಲಿನ ಒಳಗಿನ ಚಿಕ್ಕ ಗೇರುಗಳನ್ನು ಅಥವಾ ಚಕ್ರದ ಬೇರಿಂಗನ್ನು ಶಂಕಿಸಬೇಕು. ಗೇರು ಹಾಕಿ ಕ್ಲಚ್ ಬಿಟ್ಟೊಡನೆ ಟಕ್ ಎಂದರೆ ಮೊದಲು ಪ್ರೊಪೆಲರ್ ಶಾಫ್ಟಿನ ಕ್ರಾಸುಗಳನ್ನು ಕೈಯಿಂದ ಅಲುಗಾಡಿಸಿ ನೋಡುವುದು ಕ್ಷೇಮ. ಸಣ್ಣ ಬೆಲೆಯ ಕ್ರಾಸಿನ ತಪ್ಪಿಗೆ ಇಡೀ ಆಕ್ಸಲ್ ಬದಲಾದ ಉದಾಹರಣೆಗಳಿಗೆ ಗ್ಯಾರೇಜುಗಳಲ್ಲಿ ಬರವಿಲ್ಲ.

ಎಣ್ಣೆಯ ಬಣ್ಣವೂ ಬಹಳಷ್ಟನ್ನು ಹೇಳುತ್ತದೆ. ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಹಳ್ಳ ದಾಟುವ ಜೀಪುಗಳಲ್ಲಿ ಇದು ಸಾಮಾನ್ಯ. ಓಡಿ ಕಾದ ಹೌಸಿಂಗ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲುಗಳ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹೌಸಿಂಗಿನ ಮೇಲಿರುವ ಉಸಿರುರಂಧ್ರ ಕೆಸರಿನಿಂದ ಮುಚ್ಚಿಹೋಗಿದ್ದರೆ ಇದು ಇನ್ನೂ ಹೆಚ್ಚು. ಆ ರಂಧ್ರಕ್ಕೊಂದು ರಬ್ಬರ್ ಕೊಳವೆ ಜೋಡಿಸಿ ಎತ್ತರಕ್ಕೆ ಒಯ್ದು ಕಟ್ಟುವುದು ಅಲ್ಪ ವೆಚ್ಚದ ಉಪಾಯ.

ಹೌಸಿಂಗ್ ಬಾಗದೆ, ಬಿರುಕು ಬಿಡದೆ ಇದ್ದಲ್ಲಿ ಅದನ್ನೇ ಉಳಿಸಿಕೊಂಡು ಒಳಗಿನ ಕ್ರೌನ್-ಪಿನಿಯನ್ ಮಾತ್ರ ಬದಲಿಸುವುದು ಅತ್ಯುತ್ತಮ ಮಾರ್ಗ. ಚಕ್ರಗಳ ಅಗಲ, ಸ್ಪ್ರಿಂಗ್ ಕೂರುವ ಪೀಠ, ಬ್ರೇಕು ಯಾವುದೂ ಬದಲಾಗುವುದಿಲ್ಲ. ಆದರೆ ಸ್ಪೈಸರ್ 44 ಮಾದರಿಯಲ್ಲಿ ಒಂದು ಸೂಕ್ಷ್ಮವಿದೆ. 3.92 ಮತ್ತು ಅದಕ್ಕಿಂತ ಹೆಚ್ಚಿನ ಅನುಪಾತಗಳಿಗೆ ಒಂದು ಬಗೆಯ, 3.73 ಮತ್ತು ಅದಕ್ಕಿಂತ ಕಡಿಮೆಯವಕ್ಕೆ ಇನ್ನೊಂದು ಬಗೆಯ ಡಿಫರೆನ್ಶಿಯಲ್ ಕೇಸ್ ಬೇಕು. 5.38ರಿಂದ 4.27ಕ್ಕೆ ಬರುವವರು ಹಳೆಯ ಕೇಸನ್ನೇ ಬಳಸಬಹುದು, 3.73ಕ್ಕೆ ಹೋಗುವವರು ಕೇಸನ್ನೂ ಕೊಳ್ಳಬೇಕು. ಆಕ್ಸಲ್ ರಾಡುಗಳ ತುದಿಯ ಸ್ಪ್ಲೈನುಗಳನ್ನು ಎಣಿಸುವುದೂ ಅಗತ್ಯ. ಹಳೆಯವುಗಳಲ್ಲಿ 10, ಅನಂತರದವುಗಳಲ್ಲಿ 19 ಇರುತ್ತವೆ, ಒಂದಕ್ಕೊಂದು ಕೂರುವುದಿಲ್ಲ.

ಇಡೀ ಆಕ್ಸಲ್ ಬದಲಿಸುವುದೇ ಆದರೆ ಅಳತೆಪಟ್ಟಿ ಹಿಡಿದು ಹೋಗಬೇಕು. ಚಕ್ರದ ನಟ್ಟುಗಳು ಹೊಂದಿದರೆ ಆಕ್ಸಲ್ಲೂ ಹೊಂದುತ್ತದೆಂಬ ನಂಬಿಕೆ ಹುಸಿ. ವಿಲ್ಲಿಸ್, ಮಹೀಂದ್ರಾ ಜೀಪು, ಮಾರುತಿ ಜಿಪ್ಸಿ ಎಲ್ಲದರ ಚಕ್ರದಲ್ಲಿಯೂ ಐದು ಬೋಲ್ಟುಗಳು 139.7 ಮಿ.ಮೀ. ವೃತ್ತದಲ್ಲಿಯೇ ಇವೆ. ಆದರೆ ಒಂದು ಲೀಟರಿನ ಹಗುರ ವಾಹನವಾಗಿ 1985ರ ಕೊನೆಯಲ್ಲಿ ಬಂದ ಜಿಪ್ಸಿಯ ಆಕ್ಸಲ್ಲನ್ನು ಭಾರದ ಡೀಸೆಲ್ ಜೀಪಿಗೆ ತೊಡಿಸುವುದು ಕರುವಿಗೆ ನೊಗ ಕಟ್ಟಿದಂತೆ. ವಿಲ್ಲಿಸ್ ವಂಶದ ಜೀಪುಗಳಲ್ಲಿ ಹಿಂದಿನ ಶಾಫ್ಟ್ ವಾಹನದ ನಡುವೆ ಸಾಗದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಹೌಸಿಂಗಿನ ಉಬ್ಬೂ ಅದೇ ಪಕ್ಕಕ್ಕಿರುತ್ತದೆ. ಉಬ್ಬು ನಡುವಿರುವ ಬೇರೆ ವಾಹನದ ಆಕ್ಸಲ್ ತಂದರೆ ಶಾಫ್ಟ್ ಓರೆಯಾಗಿ, ಕ್ರಾಸುಗಳು ಬೇಗನೆ ಸವೆಯುತ್ತವೆ. ಸಿಜೆ-3ಬಿ ಜೀಪಿನ ಚಕ್ರಗಳ ನಡುವಿನ ಅಗಲ ಸುಮಾರು 1,225 ಮಿ.ಮೀ. ಮಾತ್ರ. ಅದಕ್ಕಿಂತ ಅಗಲವಾದ ಆಕ್ಸಲ್ ಹಾಕಿದರೆ ಚಕ್ರ ಮಡ್‌ಗಾರ್ಡಿನ ಹೊರಗೆ ಬರುತ್ತದೆ.

ತೇಲುವ ಆಕ್ಸಲ್, ಅರೆತೇಲುವ ಆಕ್ಸಲ್

ಆಯ್ಕೆಯ ವೇಳೆ ಕೇಳಬೇಕಾದ ಅತಿ ಮುಖ್ಯ ಪ್ರಶ್ನೆಯನ್ನು ಗುಜರಿಯವರಾಗಲಿ ಕೊಳ್ಳುವವರಾಗಲಿ ಕೇಳುವುದು ಕಡಿಮೆ. ಫುಲ್ ಫ್ಲೋಟಿಂಗ್ ಎನ್ನುವ ಮಾದರಿಯಲ್ಲಿ ಚಕ್ರದ ಹಬ್ ಹೌಸಿಂಗ್ ಕೊಳವೆಯ ಮೇಲೆಯೇ ಎರಡು ಬೇರಿಂಗುಗಳ ಆಧಾರದಿಂದ ಕೂರುತ್ತದೆ. ಒಳಗಿನ ಆಕ್ಸಲ್ ರಾಡಿಗೆ ತಿರುಗಿಸುವ ಕೆಲಸ ಮಾತ್ರ, ಭಾರದ ಹೊರೆಯಿಲ್ಲ. ರಾಡು ಮುರಿದರೂ ಚಕ್ರ ಸ್ಥಳದಲ್ಲಿಯೇ ಉಳಿಯುತ್ತದೆ. ಮುರಿದ ರಾಡನ್ನು ಹೊರಗೆಳೆದು, ಫೋರ್ ವೀಲ್ ಹಾಕಿ, ಮುಂದಿನ ಚಕ್ರಗಳ ಬಲದಿಂದ ನಿಧಾನವಾಗಿ ಊರು ಸೇರಬಹುದು. ಯುದ್ಧಕಾಲದ ಎಂಬಿ ಜೀಪಿನ 23-2 ಇಂಥದ್ದು.

ಸೆಮಿ ಫ್ಲೋಟಿಂಗ್ ಮಾದರಿಯಲ್ಲಿ ರಾಡೇ ಭಾರವನ್ನೂ ಹೊರುತ್ತದೆ. 41 ಮತ್ತು 44 ಮಾದರಿಗಳು ಈ ವರ್ಗದವು. 44 ದೃಢವಾದುದು, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ಆದರೆ ರಾಡು ಹೊರತುದಿಯಲ್ಲಿ ಮುರಿದರೆ ಚಕ್ರವೇ ಕಳಚಿ ಹೊರಬೀಳುವ ಅಪಾಯ ಇದ್ದೇ ಇದೆ. ಹಳೆಯ ಮಾದರಿಗಳಲ್ಲಿ ರಾಡಿನ ತುದಿ ಕೂಚಾಗಿದ್ದು, ಹಬ್ ಅದರ ಮೇಲೆ ಒಂದು ಕೀ ಮತ್ತು ದೊಡ್ಡ ನಟ್ಟಿನ ಹಿಡಿತದಲ್ಲಿ ನಿಂತಿರುತ್ತದೆ. ಈ ನಟ್ಟಿಗೆ ಕನಿಷ್ಠ 150 ಅಡಿ-ಪೌಂಡಿನ, ಅಂದರೆ ಸುಮಾರು 200 ನ್ಯೂಟನ್ ಮೀಟರಿನ ಬಿಗಿತ ಬೇಕು. ಕಾಟರ್ ಪಿನ್ನಿನ ರಂಧ್ರ ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಸಬೇಕೇ ಹೊರತು ಸಡಿಲಿಸಬಾರದು. ಸಡಿಲವಾದ ಹಬ್ ಕೀಯನ್ನು ಕತ್ತರಿಸುತ್ತದೆ, ಬಳಿಕ ರಾಡಿನ ಕೂಚು ತುದಿಯನ್ನೇ ಕೆಡಿಸುತ್ತದೆ. ಹಬ್ ಬಿಚ್ಚಲು ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಬಡಿಯುವುದು ಬೇರಿಂಗಿಗೆ ಮಾರಕ.

ಹ್ಯಾಂಡ್ ಬ್ರೇಕಿನ ಸಂಗತಿಯೂ ಇಲ್ಲಿಯೇ ಬರುತ್ತದೆ. ವಿಲ್ಲಿಸ್ ವಂಶದ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ, ಪ್ರೊಪೆಲರ್ ಶಾಫ್ಟಿನ ಮೇಲಿರುತ್ತದೆ. ಅದು ಹಿಡಿಯುವುದು ಶಾಫ್ಟನ್ನು. ಒಂದು ಆಕ್ಸಲ್ ರಾಡು ಮುರಿದರೆ ಡಿಫರೆನ್ಶಿಯಲ್ಲಿನ ಮೂಲಕ ಇನ್ನೊಂದು ಚಕ್ರ ಸ್ವತಂತ್ರವಾಗುತ್ತದೆ, ಹ್ಯಾಂಡ್ ಬ್ರೇಕ್ ನಿರರ್ಥಕವಾಗುತ್ತದೆ. ಒಂದು ಹಿಂದಿನ ಚಕ್ರವನ್ನು ಜ್ಯಾಕಿನಿಂದ ಎತ್ತಿದಾಗಲೂ ಇದೇ ಪರಿಸ್ಥಿತಿ. ಶಾಫ್ಟನ್ನೇ ಬಿಚ್ಚಿದರಂತೂ ಹೇಳುವುದೇ ಬೇಡ. ಇಳಿಜಾರಿನ ಅಂಗಳದಲ್ಲಿ ಆಕ್ಸಲ್ ಬಿಚ್ಚುವ ಸಾಹಸಕ್ಕೆ ಯಾರೂ ಕೈಹಾಕಬಾರದು.

ಬಿಚ್ಚುವಿಕೆ ಮತ್ತು ಜೋಡಣೆ

ಸಮತಟ್ಟಾದ ಗಟ್ಟಿ ನೆಲ, ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ, ಚಾಸಿಯ ಕೆಳಗೆ ಎರಡು ಕಬ್ಬಿಣದ ಸ್ಟ್ಯಾಂಡ್. ಇಟ್ಟಿಗೆ, ಜಂಬಿಟ್ಟಿಗೆ ಕಲ್ಲುಗಳ ಮೇಲೆ ಜೀಪು ನಿಲ್ಲಿಸಿ ಕೆಳಗೆ ತೂರುವುದು ಪ್ರಾಣಕ್ಕೆ ಸಂಚಕಾರ. ಹಳೆಯ ಜೀಪುಗಳ ಎಡಗಡೆಯ ಚಕ್ರಗಳಲ್ಲಿ ಎಡಮರೆಯ ನಟ್ಟುಗಳಿರುತ್ತವೆ. ಇದನ್ನರಿಯದೆ ಉದ್ದದ ಪೈಪು ಸೇರಿಸಿ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬೋಲ್ಟು ತುಂಡಾಗುತ್ತದೆ.

ಶಾಫ್ಟ್ ಬಿಚ್ಚುವ ಮುನ್ನ ಎರಡೂ ಕಡೆ ಗುರುತು ಹಾಕಬೇಕು. ಬ್ರೇಕ್ ಕೊಳವೆಯ ಬಾಯಿ ಮುಚ್ಚಬೇಕು. ಯು-ಬೋಲ್ಟುಗಳನ್ನು ಕತ್ತರಿಸಿ ತೆಗೆದರೂ ನಷ್ಟವಿಲ್ಲ, ಏಕೆಂದರೆ ಹಳೆಯವನ್ನು ಮರಳಿ ಬಳಸುವಂತಿಲ್ಲ. ಆಕ್ಸಲ್ ಒಬ್ಬರಿಂದ ಹೊರಲಾಗುವ ವಸ್ತುವಲ್ಲ. ಇಬ್ಬರು ಮೂವರು ಇರಲಿ.

ಬೇರೆ ವಾಹನದ ಹೌಸಿಂಗ್ ಆದರೆ ಸ್ಪ್ರಿಂಗ್ ಪೀಠಗಳನ್ನು ಕಿತ್ತು ಹೊಸದಾಗಿ ವೆಲ್ಡ್ ಮಾಡಬೇಕಾಗುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. ಪಿನಿಯನ್ನಿನ ಮೂತಿ ಮೇಲ್ಮುಖವಾಗಿ ಎಷ್ಟು ಕೋನದಲ್ಲಿರಬೇಕೆಂಬುದನ್ನು ಜೀಪು ತನ್ನ ಪೂರ್ಣ ಭಾರದೊಂದಿಗೆ ಸ್ಪ್ರಿಂಗುಗಳ ಮೇಲೆ ಕುಳಿತಾಗ ನಿಶ್ಚಯಿಸಬೇಕು. ಟ್ರಾನ್ಸ್‌ಫರ್ ಕೇಸಿನ ಹೊರದಂಡ ಮತ್ತು ಪಿನಿಯನ್ ದಂಡ ಪರಸ್ಪರ ಸಮಾಂತರವಾಗಿದ್ದರೆ ಶಾಫ್ಟಿನ ಎರಡು ತುದಿಯ ಕ್ರಾಸುಗಳ ಏರಿಳಿತ ಒಂದನ್ನೊಂದು ಹೊಡೆದುಹಾಕುತ್ತವೆ. ಇಲ್ಲದಿದ್ದರೆ 40 ಕಿ.ಮೀ. ವೇಗದಲ್ಲಿಯೇ ನಡುಕ ಆರಂಭ. ವೆಲ್ಡಿಂಗನ್ನು ಒಂದೇ ಉಸಿರಿಗೆ ಮುಗಿಸದೆ, ಎಡಬಲ ಬದಲಿಸುತ್ತ, ಸಣ್ಣ ಸಣ್ಣ ತುಣುಕುಗಳಲ್ಲಿ, ತಣಿಯಲು ಬಿಟ್ಟು ಮಾಡಬೇಕು. ಅವಸರದ ಕಾವಿಗೆ ಕೊಳವೆ ಬಾಗುತ್ತದೆ. ಅರ್ತಿಂಗ್ ಕ್ಲಾಂಪನ್ನು ವೆಲ್ಡಿನ ಪಕ್ಕದಲ್ಲಿಯೇ ಹಾಕದಿದ್ದರೆ ವಿದ್ಯುತ್ತು ಬೇರಿಂಗುಗಳ ಮೂಲಕ ಹರಿದು ಅವುಗಳನ್ನು ಸುಡುತ್ತದೆ.

ಕ್ರೌನ್-ಪಿನಿಯನ್ ಜೋಡಣೆ ಇನ್ನೂ ನಾಜೂಕು. ಅವೆರಡೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಒಂದರ ಕ್ರೌನ್ ಮತ್ತೊಂದರ ಪಿನಿಯನ್‌ಗೆ ಆಗದು. ಎರಡರ ಮೇಲೂ ಒಂದೇ ಸಂಖ್ಯೆ ಕೊರೆದಿದೆಯೇ ನೋಡಿಕೊಳ್ಳಬೇಕು. ಪಿನಿಯನ್ ಒಳಕ್ಕೆ ಕೂರುವ ಆಳವನ್ನು ತೆಳುವಾದ ಶಿಮ್‌ಗಳಿಂದ ಹೊಂದಿಸಿ, ಹಲ್ಲುಗಳ ನಡುವಿನ ಸಡಿಲನ್ನು ಡಯಲ್ ಗೇಜಿನಿಂದ ಅಳೆಯಬೇಕು. ಅದು ಸುಮಾರು 0.13ರಿಂದ 0.18 ಮಿ.ಮೀ. ಒಳಗಿರುವುದು ಸೂಕ್ತ. ಬಳಿಕ ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸಿದಾಗ ಒತ್ತುಗುರುತು ಹಲ್ಲಿನ ನಡುಭಾಗದಲ್ಲಿ ಮೂಡಬೇಕು. ಗುರುತು ತುದಿಗೋ ಬುಡಕ್ಕೋ ಸರಿದಿದ್ದರೆ ಮತ್ತೆ ಬಿಚ್ಚಿ ಶಿಮ್ ಬದಲಿಸಬೇಕು. ಒಂದು ದಿನದ ಕೆಲಸ ಎರಡು ದಿನವಾಗುವುದು ಇದರಿಂದಲೇ. ‘ಓಡಿಸಿದರೆ ತಾನೇ ಕೂರುತ್ತದೆ’ ಎಂಬ ಭರವಸೆಯನ್ನು ನಂಬಬಾರದು. ಅದು ಕೂರುವುದಿಲ್ಲ, ಸವೆಯುತ್ತದೆ.

ಹೈಪಾಯ್ಡ್ ಹಲ್ಲುಗಳುಳ್ಳ ಈ ಆಕ್ಸಲ್ಲಿಗೆ ಅಧಿಕ ಒತ್ತಡ ತಾಳುವ ಇಪಿ ದರ್ಜೆಯ 90 ನಂಬರಿನ ಗೇರ್ ಎಣ್ಣೆಯೇ ಬೇಕು. ಮೊದಲ ಓಟದಲ್ಲಿ 20-30 ಕಿ.ಮೀ. ಸಾಗಿ, ನಿಲ್ಲಿಸಿ, ಹೌಸಿಂಗ್ ಪೂರ್ತಿ ತಣಿದ ಮೇಲೆ ಮುಂದೆ ಹೋಗಬೇಕು. ಮೊದಲ ದಿನಗಳಲ್ಲಿ ಭಾರ ಹೇರುವುದು, ಟ್ರೇಲರ್ ಎಳೆಯುವುದು ಬೇಡ. ಕೆಲವು ದಿನಗಳ ಓಟದ ಬಳಿಕ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು.

ಹಿಂದಿನ ಬ್ರೇಕ್ ಡ್ರಮ್ಮು ಮೊದಲಿಗಿಂತ ದೊಡ್ಡದಾಗಿದ್ದರೆ ಸಂತೋಷಪಡುವ ಮುನ್ನ ಯೋಚಿಸಬೇಕು. ಮುಂದೆ ಚಿಕ್ಕ ಡ್ರಮ್, ಹಿಂದೆ ದೊಡ್ಡದು ಎಂದಾದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಜೀಪು ಅಡ್ಡ ತಿರುಗುತ್ತದೆ. ವ್ಹೀಲ್ ಸಿಲಿಂಡರುಗಳ ಅಳತೆಯನ್ನು ಮುಂದಿನವುಗಳಿಗೆ ಹೊಂದುವಂತೆ ಆರಿಸಬೇಕು. ವೇಗಮಾಪಕದ ವಿಷಯವೂ ಇದೆ. ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವುದರಿಂದ, 5.38ರ ಬದಲು 4.27 ಹಾಕಿದ ಜೀಪಿನ ಮುಳ್ಳು 50 ತೋರಿಸುವಾಗ ನಿಜವಾದ ವೇಗ ಸುಮಾರು 63 ಆಗಿರುತ್ತದೆ.

ಕಾನೂನು ಏನೆನ್ನುತ್ತದೆ?

ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ವಿಧಿಸಬಹುದು. ಸವೆದ ಭಾಗಕ್ಕೆ ಅದೇ ಮಾದರಿಯ ಭಾಗ ಹಾಕುವುದು ದುರಸ್ತಿ. ಅಗಲವಾದ ಬೇರೆ ವಾಹನದ ಆಕ್ಸಲ್ ಹಾಕಿ ಚಾಸಿಗೆ ಹೊಸ ಬೆಸುಗೆ ಮಾಡುವುದು ಮಾರ್ಪಾಡಿನ ವ್ಯಾಪ್ತಿಗೆ ಬರಬಹುದು. ಕೆಎ-65 ಸಂಖ್ಯೆಯ ದಾಂಡೇಲಿ ಸಾರಿಗೆ ಕಚೇರಿಯಲ್ಲಾಗಲಿ, ವಾಹನ ನೋಂದಣಿಯಾದ ಬೇರೆ ಕಚೇರಿಯಲ್ಲಾಗಲಿ ಮೊದಲೇ ವಿಚಾರಿಸುವುದು ಹಿತ. ವಿಮಾ ಸಂಸ್ಥೆಗೂ ತಿಳಿಸಿರಬೇಕು. ಗುಜರಿಯಿಂದ ಕೊಂಡ ಆಕ್ಸಲ್ಲಿಗೆ ರಸೀದಿ ಇಲ್ಲದಿದ್ದರೆ ಕಳವು ಮಾಲಿನ ಪ್ರಶ್ನೆ ಎದುರಾದಾಗ ಉತ್ತರವಿರುವುದಿಲ್ಲ.

50 ವರ್ಷ ದಾಟಿದ ವಾಹನಗಳಿಗಾಗಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ವಿಂಟೇಜ್ ನೋಂದಣಿಯ ನಿಯಮ ತಂದಿತು. ‘ವಿಎ’ ಅಕ್ಷರಗಳುಳ್ಳ ಸಂಖ್ಯೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ ಅದರ ಮುಖ್ಯಾಂಶಗಳು. ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದೆಂಬುದು ಷರತ್ತು. ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಹಳೆಯ ಸಿಜೆ-3ಬಿಗಳು, ಅದಕ್ಕೂ ಹಿಂದಿನ ವಿಲ್ಲಿಸ್‌ಗಳು ಈ ವ್ಯಾಪ್ತಿಗೆ ಬರುವುದರಿಂದ ಅವುಗಳ ಮಾಲೀಕರು ಚಾಸಿಯ ಮೇಲೆ ವೆಲ್ಡಿಂಗ್ ಟಾರ್ಚ್ ಇಡುವ ಮುನ್ನ ಎರಡು ಬಾರಿ ಯೋಚಿಸಬೇಕು. ಯುದ್ಧಕಾಲದ ಜೀಪಿನ 23-2 ಆಕ್ಸಲ್ಲನ್ನು ಗುಜರಿಗೆ ತೂಕಕ್ಕೆ ಹಾಕುವುದು ಆ ಜೀಪಿನ ಅರ್ಧ ಬೆಲೆಯನ್ನೇ ಹಾಕಿದಂತೆ. 44 ಹಾಕಿಕೊಂಡು ಓಡಿಸುವವರೂ ಕಳಚಿದ ಮೂಲ ಆಕ್ಸಲ್ಲಿಗೆ ಎಣ್ಣೆ ತುಂಬಿ, ರಂಧ್ರಗಳನ್ನು ಬಿಗಿಯಾಗಿ ಮುಚ್ಚಿ, ಹಲ್ಲಿನ ಸಂಖ್ಯೆಯನ್ನು ಹೌಸಿಂಗಿನ ಮೇಲೆ ಬಣ್ಣದಿಂದ ಬರೆದು, ಮಳೆಯ ತೇವ ತಾಗದಂತೆ ಅಟ್ಟದ ಕೆಳಗೆ ಹಲಗೆಯ ಮೇಲೆ ಇಡುವುದು ಒಳಿತು.